ಹಿತ್ತಾಳೆಯದೊಂದು, ಸ್ಟೀಲಿನದೊಂದು: ಎರಡು ಕಾಫಿ ಫಿಲ್ಟರ್‌ಗಳ ದೀರ್ಘ ಬಳಕೆಯ ಅನುಭವ

2013ರ ದೀಪಾವಳಿಗೆ ಎರಡು ವಾರ ಮುಂಚೆ ಬೆಂಗಳೂರಿನ ಚಿಕ್ಕಪೇಟೆಯ ಪಾತ್ರೆ ಅಂಗಡಿಯೊಂದರಲ್ಲಿ 1,150 ರೂಪಾಯಿ ಕೊಟ್ಟು ಹಿತ್ತಾಳೆಯ ಕಾಫಿ ಫಿಲ್ಟರೊಂದನ್ನು ಕೊಂಡೆ. ಆಗ ಮನೆಯಲ್ಲಿ ಏಳು ಜನರಿದ್ದೆವು: ಅತ್ತೆ, ಮಾವ, ಓದಲೆಂದು ಊರಿನಿಂದ ಬಂದಿದ್ದ ಭಾವನವರ ಇಬ್ಬರು ಮಕ್ಕಳು, ಮತ್ತು ನಾವು ಮೂವರು. 2016ರಲ್ಲಿ 240 ರೂಪಾಯಿಗೆ ಚಿಕ್ಕದೊಂದು ಸ್ಟೀಲ್ ಫಿಲ್ಟರ್ ಬಂದಿತು. ಆ ಹೊತ್ತಿಗೆ ಮನೆಯಲ್ಲಿ ಉಳಿದವರು ನಾವು ಮೂವರೇ. ಎರಡರ ಮೇಲೂ ಹೇಳಿಕೊಳ್ಳುವಂಥ ಕಂಪನಿಯ ಹೆಸರಿಲ್ಲ. ಹಿತ್ತಾಳೆಯದರ ತಳದಲ್ಲಿ ಒಂದು ಮುದ್ರೆಯಿತ್ತು, ಹುಣಸೆಹಣ್ಣಿನಿಂದ ಉಜ್ಜಿ ಉಜ್ಜಿ ಅದೂ ಮಾಸಿಹೋಗಿದೆ. ಫಿಲ್ಟರ್ ಕೊಳ್ಳಲು ಹೊರಟವರೆಲ್ಲ ಮೊದಲು ಕೇಳುವುದು ಹಿತ್ತಾಳೆಯೋ ಸ್ಟೀಲೋ ಎಂದು. ನಾನೂ ಅದನ್ನೇ ಕೇಳಿದ್ದೆ. ಕೇಳಬೇಕಾಗಿದ್ದ ಪ್ರಶ್ನೆ ಬೇರೆಯೇ ಇತ್ತು ಎಂಬುದು ತಿಳಿಯಲು ನನಗೆ ಮೂರು ವರ್ಷ ಹಿಡಿಯಿತು.

ಫಿಲ್ಟರಿನ ರಚನೆಯಲ್ಲಿ ವಿವರಿಸಲು ಹೆಚ್ಚೇನಿಲ್ಲ. ಒಂದರ ಮೇಲೊಂದು ಕೂರುವ ಎರಡು ಪಾತ್ರೆಗಳು, ಮೇಲಿನದರ ತಳದಲ್ಲಿ ಸಣ್ಣ ತೂತುಗಳು, ಪುಡಿಯನ್ನು ಒತ್ತಲು ನಡುವೆ ಹಿಡಿಕೆಯಿರುವ ತೂತಿನ ತಟ್ಟೆ, ಮೇಲೊಂದು ಮುಚ್ಚಳ. ನನ್ನ ಹಿತ್ತಾಳೆ ಫಿಲ್ಟರು ನೋಡಲು ಬಹಳ ಚೆಂದ, ಕೈಗೆ ಭಾರ. ಹಿತ್ತಾಳೆಯಲ್ಲಿ ಡಿಕಾಕ್ಷನ್ ಬಹಳ ಹೊತ್ತು ಬಿಸಿಯಾಗಿರುತ್ತದೆ ಎಂದು ಅಂಗಡಿಯವರು ಹೇಳಿದ್ದರು, ನಾನು ನಂಬಿದ್ದೆ. ಬಳಸುತ್ತಾ ಕಂಡದ್ದು ಹೆಚ್ಚು ಕಡಿಮೆ ಇದಕ್ಕೆ ವಿರುದ್ಧ. ಹಿತ್ತಾಳೆಯು ಸ್ಟೀಲಿಗಿಂತ ಎಷ್ಟೋ ಪಟ್ಟು ಬೇಗ ಶಾಖವನ್ನು ಸಾಗಿಸುವ ಲೋಹ. ಅದರ ಜೊತೆಗೆ ಪಾತ್ರೆಯೂ ದಪ್ಪನಾಗಿದ್ದರೆ, ಡಿಸೆಂಬರಿನ ಬೆಳಿಗ್ಗೆ ತಣ್ಣಗೆ ಕೂತಿರುವ ಆ ಪಾತ್ರೆಗೆ ಕುದಿಯುವ ನೀರು ಹೊಯ್ದೊಡನೆ ನೀರಿನ ಬಿಸಿಯಲ್ಲಿ ಒಂದು ಪಾಲನ್ನು ಲೋಹವೇ ಹೀರಿಕೊಳ್ಳುತ್ತದೆ, ಪುಡಿಗೆ ಸಿಗುವುದು ಮಿಕ್ಕದ್ದು. ಮೊದಲು ಎರಡೂ ಪಾತ್ರೆಗಳಿಗೆ ಕುದಿನೀರು ಹಾಕಿ ಒಂದು ನಿಮಿಷ ಬಿಟ್ಟು ಚೆಲ್ಲಿ, ಒರೆಸಿ, ಆಮೇಲೆ ಪುಡಿ ಹಾಕುವ ಅಭ್ಯಾಸ ಮಾಡಿಕೊಂಡ ಮೇಲೆ ಚಳಿಗಾಲದ ಡಿಕಾಕ್ಷನ್ ಸುಧಾರಿಸಿತು. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು ಕುದಿಯುವುದೇ 97 ಡಿಗ್ರಿಯ ಆಸುಪಾಸಿನಲ್ಲಿ. ಆದ್ದರಿಂದ ‘ಕುದಿಸಿದ ನೀರನ್ನು ಸ್ವಲ್ಪ ಆರಿಸಿ ಹಾಕಿ’ ಎಂಬ ಸಲಹೆಯನ್ನು ನಾನು ಪಾಲಿಸುವುದಿಲ್ಲ. ಕುದಿ ಬಂದ ಕ್ಷಣದಲ್ಲೇ ಹೊಯ್ಯುತ್ತೇನೆ.

ಹಿತ್ತಾಳೆಯ ವಿಷಯದಲ್ಲಿ ನಾನು ಮಾಡಿದ ದೊಡ್ಡ ತಪ್ಪನ್ನು ಇಲ್ಲಿ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ಅಂಗಡಿಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ದಿನವೂ ಬಳಸುವ ಫಿಲ್ಟರಿನ ತೂತುಗಳಲ್ಲಿ ಕಾಫಿಯ ಎಣ್ಣೆಯಂಶ ಮತ್ತು ನುಣ್ಣನೆಯ ಪುಡಿ ಸೇರಿಕೊಂಡು ಗಟ್ಟಿಯಾಗುತ್ತವೆ, ಕೆಲವು ತಿಂಗಳಿಗೆ ಡಿಕಾಕ್ಷನ್ ಇಳಿಯುವುದು ನಿಧಾನವಾಗುತ್ತದೆ. ನನ್ನ ತಾಯಿ ತಮ್ಮ ಸ್ಟೀಲ್ ಫಿಲ್ಟರಿಗೆ ಹೀಗಾದಾಗ ಮೇಲಿನ ಪಾತ್ರೆಯನ್ನು ಇಕ್ಕಳದಲ್ಲಿ ಹಿಡಿದು ಗ್ಯಾಸ್ ಒಲೆಯ ಉರಿಯ ಮೇಲೆ ಕಾಯಿಸಿ, ಕಟ್ಟಿಕೊಂಡದ್ದೆಲ್ಲ ಸುಟ್ಟ ಮೇಲೆ ತಟ್ಟಿ ಉದುರಿಸುತ್ತಿದ್ದರು. ನಾನೂ 2015ರಲ್ಲಿ ಹಿತ್ತಾಳೆಯದಕ್ಕೆ ಅದೇ ಉಪಚಾರ ಮಾಡಿದೆ. ಒಂದು ನಿಮಿಷದೊಳಗೆ ಒಳಮೈ ಬೆಳ್ಳಿಯ ಹಾಗೆ ಹೊಳೆದು, ಹನಿಯಾಗಿ ಜಾರಿ, ಅರ್ಧಕ್ಕಿಂತ ಹೆಚ್ಚು ತೂತುಗಳನ್ನು ಮುಚ್ಚಿಬಿಟ್ಟಿತು. ಕರಗಿದ್ದು ಕಲಾಯಿ. ಕಾಫಿಯ ಡಿಕಾಕ್ಷನ್ ಸ್ವಲ್ಪ ಹುಳಿಯ ಗುಣದ್ದಾದ್ದರಿಂದ ಬರಿಯ ಹಿತ್ತಾಳೆಯಲ್ಲಿ ಗಂಟೆಗಟ್ಟಲೆ ಇಟ್ಟರೆ ತಾಮ್ರದ ಅಂಶ ಅದರಲ್ಲಿ ಬಿಡುತ್ತದೆ. ಅದಕ್ಕಾಗಿಯೇ ಒಳಗೆ ತವರದ ಲೇಪ. ತವರ ಕರಗಲು 232 ಡಿಗ್ರಿ ಸಾಕು, ಒಲೆಯ ಉರಿ ಅದಕ್ಕಿಂತ ಎಷ್ಟೋ ಹೆಚ್ಚು.

ಕಲಾಯಿ ಹಾಕುವವರು ಸೈಕಲ್ಲಿನಲ್ಲಿ ಬೀದಿ ಬೀದಿ ಸುತ್ತುತ್ತಿದ್ದ ಕಾಲ ನಮ್ಮ ಬಡಾವಣೆಯಲ್ಲಿ ಎಂದೋ ಮುಗಿದಿತ್ತು. ಮೂರು ವಾರ ವಿಚಾರಿಸಿದ ಮೇಲೆ ಪೇಟೆಯ ಒಂದು ಗಲ್ಲಿಯಲ್ಲಿ ಒಬ್ಬ ಹಿರಿಯರು ಸಿಕ್ಕರು. ಪಾತ್ರೆಯನ್ನು ತಿರುಗಿಸಿ ನೋಡಿ ಅವರು ಕೇಳಿದ್ದು ಒಂದೇ ಮಾತು: “ಖಾಲಿ ಪಾತ್ರೆ ಒಲೆ ಮೇಲೆ ಇಟ್ಟಿದ್ರಾ ಅಮ್ಮಾ?” ಕೆಂಡದ ಮೇಲೆ ಕಾಯಿಸಿ, ನವಸಾಗರದ ಪುಡಿ ಎರಚಿ, ತವರದ ಕಡ್ಡಿ ಮುಟ್ಟಿಸಿ, ಹತ್ತಿಯ ಉಂಡೆಯಿಂದ ಸರ್ರನೆ ಒಳಗೆಲ್ಲ ಹರಡಿದರು, ತೂತುಗಳನ್ನು ಮಾತ್ರ ಒಂದೊಂದಾಗಿ ಸೂಜಿಯಿಂದ ಬಿಡಿಸಬೇಕಾಯಿತು. ಅಂದಿನಿಂದ ಸುಮಾರು ಒಂದೂವರೆ ವರ್ಷಕ್ಕೊಮ್ಮೆ ಕಲಾಯಿ ಮಾಡಿಸುತ್ತಿದ್ದೇನೆ, ಕಳೆದ ಸಲ 300 ರೂಪಾಯಿ ಆಯಿತು. ಒಳಗೆ ಹಳದಿ ಬಣ್ಣ ಇಣುಕಿತೆಂದರೆ ಕಲಾಯಿ ಸವೆದಿದೆ ಎಂದೇ ಅರ್ಥ, ಆಮೇಲೆ ಒಂದು ದಿನವೂ ಅದರಲ್ಲಿ ಡಿಕಾಕ್ಷನ್ ಹಾಕುವುದಿಲ್ಲ. ಈಗ ಅದರ ತೂತು ಕಟ್ಟಿದರೆ ನಿಂಬೆರಸ ಬೆರೆಸಿದ ಬಿಸಿನೀರಿನಲ್ಲಿ ನೆನೆಹಾಕಿ ಮೆತ್ತನೆಯ ಬ್ರಷ್ಷಿನಿಂದ ತಿಕ್ಕುತ್ತೇನೆ, ಅಷ್ಟೆ. ಹತ್ತಿರದಲ್ಲಿ ಕಲಾಯಿಯವರಿಲ್ಲದ ಊರಿನಲ್ಲಿರುವವರು ಹಿತ್ತಾಳೆಯ ಫಿಲ್ಟರನ್ನು ಶೋಕೇಸಿಗಾಗಿ ಕೊಳ್ಳಬಹುದು, ದಿನಬಳಕೆಗೆ ಬೇಡ.

ಇನ್ನು ಅಳತೆಯ ಸಂಗತಿ. ಏಳು ಜನರಿದ್ದಾಗ ಈ ಹಿತ್ತಾಳೆ ಫಿಲ್ಟರು ಕೊಟ್ಟ ಡಿಕಾಕ್ಷನ್ನಿನ ಬಗ್ಗೆ ಒಂದೇ ಒಂದು ದೂರಿರಲಿಲ್ಲ. ಮಾವನವರು ತೀರಿಕೊಂಡು, ಅತ್ತೆ ತೀರ್ಥಹಳ್ಳಿಯ ಭಾವನವರ ಮನೆಗೆ ಹೋಗಿ, ಹುಡುಗರು ಕೆಲಸ ಹಿಡಿದು ಹೊರಟ ಮೇಲೆ ಅದೇ ಫಿಲ್ಟರು, ಅದೇ ಅಂಗಡಿಯ ಪುಡಿ, ಆದರೆ ಕಾಫಿ ನೀರುನೀರು. ಪುಡಿಯಂಗಡಿಯವರನ್ನು ಅನುಮಾನಿಸಿದೆ, ಹಾಲನ್ನು ಬದಲಿಸಿದೆ, ಚಿಕೋರಿ ಹೆಚ್ಚಿಸಿದೆ. ಕಡೆಗೆ ಒಂದು ಭಾನುವಾರ ಮಗನ ಸ್ಕೇಲು ತೆಗೆದುಕೊಂಡು ಅಳೆದಾಗ ಕಾರಣ ಸಿಕ್ಕಿತು. ಹಿತ್ತಾಳೆಯದರ ಒಳಗಿನ ಅಗಲ 9 ಸೆಂಟಿಮೀಟರ್. ಮೂವರಿಗೆ ಬೇಕಾದ 30 ಗ್ರಾಂ ಪುಡಿಯನ್ನು ಅದರಲ್ಲಿ ಹರಡಿದರೆ ಪದರದ ದಪ್ಪ ಒಂದೂಕಾಲು ಸೆಂಟಿಮೀಟರ್ ಕೂಡ ಸರಿಯಾಗಿ ಆಗುವುದಿಲ್ಲ. ಬಿಸಿನೀರು ಅದರ ಮೂಲಕ ನಾಲ್ಕೈದು ನಿಮಿಷದಲ್ಲಿ ಇಳಿದುಹೋಗುತ್ತದೆ, ಪುಡಿಯ ಸಾರವನ್ನು ಎಳೆದುಕೊಳ್ಳಲು ಅದಕ್ಕೆ ಪುರುಸೊತ್ತೇ ಇರುವುದಿಲ್ಲ. ಮರುದಿನವೇ 6 ಸೆಂಟಿಮೀಟರ್ ಅಗಲದ ಸ್ಟೀಲ್ ಫಿಲ್ಟರ್ ತಂದೆ. ಅಷ್ಟೇ ಪುಡಿ ಅದರಲ್ಲಿ ಮೂರು ಸೆಂಟಿಮೀಟರಿನ ಸಮೀಪ ನಿಂತಿತು, ಇಳಿಯಲು ಇಪ್ಪತ್ತು ನಿಮಿಷ ತೆಗೆದುಕೊಂಡಿತು, ಮತ್ತು ಆ ದಿನ ಸಂಜೆ ನಮ್ಮ ಮನೆಯವರು ಲೋಟ ಕೆಳಗಿಟ್ಟು, “ಪುಡಿ ಬದಲಾಯಿಸಿದೆಯಾ?” ಎಂದು ಕೇಳಿದರು. ‘ನೆಂಟರು ಬಂದರೆ ಬೇಕಾಗುತ್ತದೆ’ ಎಂದುಕೊಂಡು ದೊಡ್ಡ ಫಿಲ್ಟರನ್ನು ಕೊಳ್ಳುವುದು ನಮ್ಮಲ್ಲಿ ರೂಢಿ. ನೆಂಟರು ಬರುವುದು ತಿಂಗಳಿಗೊಮ್ಮೆ, ಕಾಫಿ ಬೇಕಾಗುವುದು ದಿನಕ್ಕೆರಡು ಸಲ. ದಿನದ ಅಳತೆಯ ಪುಡಿ ಹಾಕಿದಾಗ ಮೇಲಿನ ಪಾತ್ರೆಯ ಮೂರನೆಯ ಒಂದು ಭಾಗವಾದರೂ ತುಂಬಬೇಕು. ತುಂಬದಿದ್ದರೆ ಆ ಫಿಲ್ಟರ್ ನಿಮ್ಮ ಮನೆಗೆ ದೊಡ್ಡದಾಯಿತು.

ಸ್ಟೀಲ್ ಫಿಲ್ಟರಿನಲ್ಲಿ ದೋಷಗಳಿಲ್ಲವೆಂದಲ್ಲ. ಎರಡೂ ಪಾತ್ರೆಗಳು ಒಂದಕ್ಕೊಂದು ಬಹಳ ಬಿಗಿಯಾಗಿ ಕೂರುತ್ತವೆ. ಇದನ್ನು ಒಳ್ಳೆಯ ಕೆಲಸಗಾರಿಕೆಯ ಗುರುತೆಂದು ಮೊದಲು ಮೆಚ್ಚಿಕೊಂಡಿದ್ದೆ, ಆದರೆ ಕೆಳಗಿನ ಪಾತ್ರೆಯ ಗಾಳಿ ಹೊರಹೋಗಲು ಸಂದಿಲ್ಲದಿದ್ದಾಗ ಅದು ಬಿಸಿಯಾಗಿ ಉಬ್ಬಿ ಮೇಲಿನ ಡಿಕಾಕ್ಷನ್ನನ್ನು ತಡೆದು ನಿಲ್ಲಿಸುತ್ತದೆ. ಅರ್ಧ ಗಂಟೆಯಾದರೂ ನಾಲ್ಕು ಹನಿಯಷ್ಟೇ ಇಳಿದಿದ್ದರೆ ಪುಡಿಯನ್ನು ಬೈಯುವ ಮೊದಲು ಮೇಲಿನ ಪಾತ್ರೆಯನ್ನು ಒಂದಿಷ್ಟು ಎತ್ತಿ ಮತ್ತೆ ಕೂರಿಸಬೇಕು. ಬಹುಪಾಲು ಸಲ ಅಷ್ಟಕ್ಕೇ ಇಳಿಯತೊಡಗುತ್ತದೆ. ಎರಡನೆಯ ದೋಷ ಒತ್ತುವ ತಟ್ಟೆಯದು. ಐದನೆಯ ವರ್ಷದಲ್ಲಿ ಅದರ ಹಿಡಿಕೆಯ ಬೆಸುಗೆ ಬಿಟ್ಟಿತು, ಬಿಡಿಯಾಗಿ ತಟ್ಟೆ ಮಾತ್ರ ಎಲ್ಲಿಯೂ ಸಿಗಲಿಲ್ಲ, ಕೊನೆಗೆ ಪಾತ್ರೆಗೆ ಬೆಸುಗೆ ಹಾಕುವವರಲ್ಲಿ ಸರಿಮಾಡಿಸಿದೆ. ಹಿತ್ತಾಳೆಯದರ ತಟ್ಟೆ ಇಂದಿಗೂ ಅಲುಗಿಲ್ಲ ಎಂಬುದನ್ನೂ ಹೇಳಬೇಕು.

ಈಗ ನನ್ನ ಲೆಕ್ಕ ಹೀಗಿದೆ: 30 ಗ್ರಾಂ ಪುಡಿ, 180 ಮಿಲಿಲೀಟರ್ ನೀರು. ಪುಡಿ ತನ್ನ ತೂಕದ ಎರಡರಷ್ಟು ನೀರನ್ನು ತನ್ನಲ್ಲೇ ಉಳಿಸಿಕೊಳ್ಳುತ್ತದೆಯಾದ್ದರಿಂದ ಕೆಳಗಿಳಿಯುವುದು 120 ಮಿಲಿಲೀಟರಿನಷ್ಟು, ಅದರಲ್ಲಿ ಮೂರು ಲೋಟ ಗಟ್ಟಿ ಕಾಫಿ. ತಟ್ಟೆಯನ್ನು ಪುಡಿಯ ಮೇಲೆ ಹಗುರವಾಗಿ ಕೂರಿಸಬೇಕೇ ಹೊರತು ತಿರುವಿ ಅದುಮಬಾರದು. ಮೊದಲು ಪುಡಿ ನೆನೆಯುವಷ್ಟೇ ನೀರು, ಅರ್ಧ ನಿಮಿಷದ ಮೇಲೆ ಉಳಿದದ್ದು. ಪುಡಿ ಅಂದೇ ಹುರಿದದ್ದಾದರೆ ಒಳಗಿನ ಅನಿಲ ಹೊರಬಿದ್ದು ತಟ್ಟೆಯನ್ನೇ ಮೇಲಕ್ಕೆತ್ತುವಂತೆ ಉಬ್ಬುತ್ತದೆ, ನೋಡುವುದೇ ಒಂದು ಸಂತೋಷ. ನೀರಿನ ವಿಷಯದಲ್ಲಿ ನಾನು ಹಟಮಾರಿ: ಕಾವೇರಿ ನೀರು ಬಾರದ ದಿನಗಳಲ್ಲಿ ಕೊಳವೆಬಾವಿಯ ಗಡಸು ನೀರು ಬಳಸಿದರೆ ಕಾಫಿಯ ರುಚಿ ಸಪ್ಪೆಯಾಗುವುದಲ್ಲದೆ ತೂತುಗಳ ಸುತ್ತ ಬಿಳಿಯ ಸುಣ್ಣ ಕಟ್ಟುತ್ತದೆ, ಹೀಗಾಗಿ ಡಿಕಾಕ್ಷನ್ನಿಗೆಂದೇ ಒಂದು ತಂಬಿಗೆ ಕಾವೇರಿ ನೀರನ್ನು ತೆಗೆದಿಟ್ಟಿರುತ್ತೇನೆ.

ಪುಡಿಯನ್ನು ಗಾಂಧಿ ಬಜಾರಿನ ಬಳಿ ಕಣ್ಣೆದುರೇ ಹುರಿದು ಪುಡಿಮಾಡಿಕೊಡುವ ಅಂಗಡಿಯಿಂದ ಐದು ದಿನಕ್ಕೆ ಕಾಲು ಕಿಲೋದಂತೆ ತರುತ್ತೇನೆ: ಅರ್ಧ ಪೀಬೆರಿ (ಹಣ್ಣಿಗೊಂದೇ ಆಗಿ ಬೆಳೆಯುವ ದುಂಡನೆಯ ಬೀಜ), ಅರ್ಧ ಪ್ಲಾಂಟೇಶನ್ ಎ (ದಪ್ಪ ಅರೇಬಿಕಾ ಬೀಜದ ಒಂದು ದರ್ಜೆ), ಅದಕ್ಕೆ ನೂರಕ್ಕೆ ಹದಿನೈದರಷ್ಟು ಚಿಕೋರಿ. ಚಿಕೋರಿಯ ಬಗ್ಗೆ ಮೂಗು ಮುರಿಯುವವರ ಸಂಖ್ಯೆ ಇತ್ತೀಚೆಗೆ ಹೆಚ್ಚಿದೆ. ಅದೊಂದು ಗಿಡದ ಬೇರು, ಹುರಿದು ಪುಡಿ ಮಾಡಿದ್ದು, ಅದರಲ್ಲಿ ಕೆಫೀನ್ ಇಲ್ಲ. ನೀರನ್ನು ಹಿಡಿದಿಟ್ಟು ಡಿಕಾಕ್ಷನ್ ನಿಧಾನವಾಗಿ ಇಳಿಯುವಂತೆ ಮಾಡುತ್ತದೆ, ಬಣ್ಣ ಮತ್ತು ಮಂದತೆ ಕೊಡುತ್ತದೆ. ಹಾಲು ಬೆರೆಸುವ ಕಾಫಿಗೆ ಅದು ಸ್ವಲ್ಪ ಬೇಕೆಂಬುದು ನನ್ನ ಅಭಿಪ್ರಾಯ. ಮಾವನವರಿಗೆ ಮೂವತ್ತು ಪಾಲು ಬೇಕಿತ್ತು, ನನಗೆ ಅದು ಬೆಲ್ಲದ ಪಾಕ ಸುಟ್ಟ ವಾಸನೆ. ಆದರೆ ಪೊಟ್ಟಣದ ಪುಡಿಯನ್ನು ಕೊಳ್ಳುವವರು ಹಿಂಬದಿಯ ಸಣ್ಣಕ್ಷರ ಓದುವುದು ಒಳ್ಳೆಯದು: ನಿಯಮದ ಪ್ರಕಾರ ಕಾಫಿ ಶೇಕಡಾ 51 ಇದ್ದರೆ ಸಾಕು, ಉಳಿದದ್ದು ಚಿಕೋರಿಯಾಗಿರಬಹುದು, ಮತ್ತು ಆ ಪ್ರಮಾಣವನ್ನು ಪೊಟ್ಟಣದ ಮೇಲೆ ಮುದ್ರಿಸಲೇಬೇಕು. 2019ರಲ್ಲಿ ಕೊಡಗು, ಚಿಕ್ಕಮಗಳೂರು ಮತ್ತು ಬಾಬಾಬುಡನ್‌ಗಿರಿಯ ಅರೇಬಿಕಾಗಳಿಗೆ ಭೌಗೋಳಿಕ ಗುರುತು ದೊರೆತ ಮೇಲೆ ಮೂರನ್ನೂ ಬೇರೆ ಬೇರೆಯಾಗಿ ತಂದು ಒಂದು ತಿಂಗಳು ಪ್ರಯೋಗ ಮಾಡಿದೆ. ಹಾಲಿಲ್ಲದೆ ಕುಡಿದಾಗ ವ್ಯತ್ಯಾಸ ಸ್ಪಷ್ಟವಾಗಿತ್ತು. ಹಾಲು ಮತ್ತು ಸಕ್ಕರೆ ಬಿದ್ದ ಮೇಲೆ ಯಾವುದು ಯಾವುದೆಂದು ನನಗೂ ತಿಳಿಯಲಿಲ್ಲ, ಮನೆಯವರಿಗೂ ತಿಳಿಯಲಿಲ್ಲ. ಹುರಿದು ಎಷ್ಟು ದಿನವಾಯಿತೆಂಬುದು ಯಾವ ಬೆಟ್ಟದಲ್ಲಿ ಬೆಳೆಯಿತೆಂಬುದಕ್ಕಿಂತ ನಮ್ಮ ಲೋಟದಲ್ಲಿ ಹೆಚ್ಚು ಗೊತ್ತಾಗುತ್ತದೆ.

ಹಾಲು ಶೇಕಡಾ 4.5 ಕೊಬ್ಬಿನದು, ಆಗಷ್ಟೇ ಉಕ್ಕಿದ್ದು. ಡಿಕಾಕ್ಷನ್ನನ್ನು ನೇರವಾಗಿ ಒಲೆಯ ಮೇಲಿಟ್ಟು ಕಾಯಿಸಿದರೆ ಕಹಿ ಏರುತ್ತದೆ. ಆರಿದ್ದರೆ ಬಟ್ಟಲನ್ನು ಬಿಸಿನೀರಿನಲ್ಲಿ ಇಡುತ್ತೇನೆ. ಎರಡನೆಯ ಸಲ ನೀರು ಹೊಯ್ದು ಇಳಿಸಿದ್ದನ್ನು ಸಂಜೆಯ ಮೊದಲ ಡಿಕಾಕ್ಷನ್ನಿಗೆ ಒಂದು ಚಮಚದಷ್ಟು ಸೇರಿಸಬಹುದು, ಅದನ್ನೇ ನಂಬಿ ಕಾಫಿ ಮಾಡಬಾರದು. ಚರಟ ಗುಲಾಬಿ ಕುಂಡಕ್ಕೆ.

ನಡುವೆ 2018ರಲ್ಲಿ ಮಗನ ಒತ್ತಾಯಕ್ಕೆ ಒಂದು ವಿದ್ಯುತ್ ಕಾಫಿ ಯಂತ್ರ ಬಂದಿತ್ತು. ಕಾಗದದ ಸೋಸುಕವಿದ್ದ ಆ ಯಂತ್ರ ಹಾಲಿಲ್ಲದ ಕಾಫಿಯನ್ನು ಚೆನ್ನಾಗಿ ಮಾಡುತ್ತಿತ್ತು, ನಮ್ಮ ಹಾಲಿಗೆ ಅದರ ತೆಳುವಾದ ಡಿಕಾಕ್ಷನ್ ಸಾಲಲಿಲ್ಲ. ಏಳು ತಿಂಗಳಾದ ಮೇಲೆ ಅಟ್ಟ ಸೇರಿತು.

ಹಿತ್ತಾಳೆಯದು ಈಗ ಹಬ್ಬಕ್ಕೆ, ಶ್ರಾದ್ಧಕ್ಕೆ, ಭಾವನವರ ಸಂಸಾರ ಬಂದಾಗ ಇಳಿಯುತ್ತದೆ; 80 ಗ್ರಾಂ ಪುಡಿ ಹಾಕಿದ ದಿನ ಅದರ ಡಿಕಾಕ್ಷನ್ನಿಗೆ ಸರಿಸಾಟಿಯಿಲ್ಲ. ಕಳೆದ ತಿಂಗಳು ಅಕ್ಕನ ಮಗಳು ಹೊಸದಾಗಿ ಬಾಡಿಗೆ ಮನೆ ಮಾಡಿದಾಗ, “ಚಿಕ್ಕಮ್ಮಾ, ಹೇಗೂ ನೀವು ದಿನಾ ಬಳಸಲ್ಲ, ಆ ಹಿತ್ತಾಳೆದು ನನಗೆ ಕೊಡಿ” ಎಂದು ಕೇಳಿದಳು. ಮನೆಯಲ್ಲಿರುವುದು ಗಂಡ ಹೆಂಡತಿ ಇಬ್ಬರೇ, ಕಾಫಿ ಕುಡಿಯುವವಳು ಇವಳೊಬ್ಬಳೇ. ಐದು ಸೆಂಟಿಮೀಟರ್ ಅಗಲದ ಸ್ಟೀಲಿನದನ್ನು ಕೊಡಿಸಿದೆ, ಮುಖ ಸ್ವಲ್ಪ ಸಣ್ಣದು ಮಾಡಿಕೊಂಡೇ ತೆಗೆದುಕೊಂಡು ಹೋದಳು. ಮೂರನೆಯ ದಿನ ಬೆಳಿಗ್ಗೆ ಆರೂವರೆಗೆ ಫೋನು: ಡಿಕಾಕ್ಷನ್ ಇಳಿಯುತ್ತಲೇ ಇಲ್ಲ ಎಂದು. ಮೇಲಿನ ಪಾತ್ರೆಯನ್ನು ಸ್ವಲ್ಪ ಎತ್ತಿ ಕೂರಿಸು ಎಂದೆ.