ಉಜಿರೆಯ ರುಡ್‌ಸೆಟ್: ಕಾಲೇಜು ಬೇಡವೆಂದವರಿಗೆ ಸ್ವಂತ ಉದ್ಯೋಗದ ತರಬೇತಿ

ಪಿಯುಸಿ ಮುಗಿಸಿದವರು ಕಾಲೇಜು ಸೇರದಿರುವುದಕ್ಕೆ ಓದಿನ ಮೇಲಿನ ಅನಾಸಕ್ತಿಯೇ ಕಾರಣವೆಂದು ಭಾವಿಸುವುದು ತಪ್ಪು. ಸಂಪಾದನೆಯಿಲ್ಲದೆ ಮೂರು ವರ್ಷ ಕಾಯುವ ಶಕ್ತಿ ಅನೇಕ ಮನೆಗಳಿಗಿಲ್ಲ, ಕೆಲವರಿಗಂತೂ ಕೈಕೆಲಸದಲ್ಲಿಯೇ ಮನಸ್ಸು. ಅಂಥವರಿಗೆ, 1982ರಲ್ಲಿ ಧರ್ಮಸ್ಥಳದ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಹಾಗೂ ಕೆನರಾ ಬ್ಯಾಂಕ್ ಸೇರಿ ಉಜಿರೆಯಲ್ಲಿ ಆರಂಭಿಸಿದ ರುಡ್‌ಸೆಟ್ (ಗ್ರಾಮೀಣಾಭಿವೃದ್ಧಿ ಮತ್ತು ಸ್ವ-ಉದ್ಯೋಗ ತರಬೇತಿ) ಸಂಸ್ಥೆ ನಿಜಕ್ಕೂ ದೊಡ್ಡ ಆಸರೆ. ಊಟ, ವಸತಿ, ತರಬೇತಿ ಮೂರೂ ಉಚಿತ. ಮೊಬೈಲ್ ದುರಸ್ತಿ ಕಲಿಯಲು ಬಂದವರು ಬೋರ್ಡಿನ ಬೆಸುಗೆಯನ್ನು ಕೈಯಾರೆ ಅಭ್ಯಾಸ ಮಾಡುವುದರ ಜೊತೆಗೆ ಅಂಗಡಿಯ ಲೆಕ್ಕ ಬರೆಯುವುದನ್ನೂ ಬ್ಯಾಂಕ್ ಸಾಲಕ್ಕೆ ಯೋಜನಾ ವರದಿ ಸಿದ್ಧಪಡಿಸುವುದನ್ನೂ ಕಲಿಯುತ್ತಾರೆ. ತರಬೇತಿಯ ನಂತರವೂ ಸಂಪರ್ಕದಲ್ಲಿದ್ದು ಮಾರ್ಗದರ್ಶನ ನೀಡುವ ವ್ಯವಸ್ಥೆಯೇ, ನನ್ನ ದೃಷ್ಟಿಯಲ್ಲಿ, ಇದರ ಅತಿ ದೊಡ್ಡ ಗುಣ. ಆದರೆ ಪದವಿಯನ್ನು ಕಡ್ಡಾಯಗೊಳಿಸಿರುವ ಸರ್ಕಾರಿ ಹುದ್ದೆಗಳ ಮೇಲೆ ಕಣ್ಣಿಟ್ಟವರು ಇದನ್ನು ಕಾಲೇಜಿಗೆ ಬದಲಿಯೆಂದು ಆರಿಸಿಕೊಳ್ಳಬಾರದು.