ಬೈಕ್ ಎಂಜಿನ್ನಿನ ಕಿಟ್ ಕಾರು: ಕಾರ್ಬ್ಯುರೇಟರೋ, ಇಂಜೆಕ್ಷನ್ನೋ?

ಬ್ರಿಟನ್ನಿನಲ್ಲಿ ಲೋಟಸ್ ಸೆವೆನ್ ಎಂಬ ಹಗುರ ಸ್ಪೋರ್ಟ್ಸ್ ಕಾರಿನ ಮಾದರಿಯ ಕಿಟ್ ಕಾರಿಗೆ (ಬಿಡಿಭಾಗಗಳನ್ನು ಕೊಂಡು ತಾವೇ ಜೋಡಿಸುವ ಕಾರು) ಯಮಹಾ ಆರ್1 ಬೈಕಿನ ಎಂಜಿನ್ ಕೂರಿಸುವವರ ಮುಂದೆ ಎರಡು ದಾರಿಗಳಿವೆ: 1998ರಿಂದ 2001ರವರೆಗಿನ ಕಾರ್ಬ್ಯುರೇಟರ್ ಎಂಜಿನ್, ಇಲ್ಲವೇ 2002ರಿಂದ ಬಂದ ಇಂಜೆಕ್ಷನ್ ಎಂಜಿನ್.

ಕಾರ್ಬ್ಯುರೇಟರಿನ ವೈರಿಂಗ್ ಸರಳ, ಪಂಪಿಗೆ ಸುಮಾರು 3 ಪಿಎಸ್‌ಐ ಒತ್ತಡವಿದ್ದರೆ ಸಾಕು. ಹೆಚ್ಚಾದರೆ ಕಾರ್ಬ್ಯುರೇಟರಿನ ಬಟ್ಟಲಿಗೆ ಪೆಟ್ರೋಲ್ ಬರುವುದನ್ನು ನಿಯಂತ್ರಿಸುವ ಫ್ಲೋಟ್ ಸೂಜಿ ತಡೆಯಲಾರದೆ ಪೆಟ್ರೋಲ್ ಉಕ್ಕುತ್ತದೆ. ಅದರ ನಿಜವಾದ ದೌರ್ಬಲ್ಯ ಬೇರೆಡೆ ಇದೆ. ತಿರುವಿನಲ್ಲಿ ಬೈಕು ವಾಲುವುದರಿಂದ ಫ್ಲೋಟ್ ಬಟ್ಟಲಿನ ಪೆಟ್ರೋಲ್ ತಳದಲ್ಲೇ ನಿಲ್ಲುತ್ತದೆ. ವಾಲದ ಕಾರಿನಲ್ಲಾದರೋ ಅದು ಪಕ್ಕಕ್ಕೆ ಸರಿದು, ಪೆಟ್ರೋಲ್ ಹಾಯುವ ಸಣ್ಣ ರಂಧ್ರವಾದ ಜೆಟ್ಟಿಗೆ ಸಾಲದೆ, ದೀರ್ಘ ತಿರುವಿನ ನಡುವೆಯೇ ಎಂಜಿನ್ ಮುಗ್ಗರಿಸಬಹುದು.

ಇಂಜೆಕ್ಷನ್ನಿನಲ್ಲಿ ಫ್ಲೋಟ್ ಬಟ್ಟಲೇ ಇಲ್ಲ. ಆದರೆ ಸುಮಾರು 3 ಬಾರ್ (ಅಂದರೆ ಸುಮಾರು 44 ಪಿಎಸ್‌ಐ) ಒತ್ತಡದ ಪಂಪು, ಅದನ್ನು ತಾಳುವ ಪೈಪು, ಟ್ಯಾಂಕಿನ ಪೆಟ್ರೋಲ್ ಒಂದೆಡೆ ಸರಿದಾಗಲೂ ಪಂಪು ಗಾಳಿ ಎಳೆಯದಂತೆ ಕಾಯುವ ಸ್ವರ್ಲ್ ಪಾಟ್ ಎಂಬ ಚಿಕ್ಕ ಪಾತ್ರೆ ಬೇಕು. ಎಂಜಿನ್ನಿನ ಜೊತೆಯಲ್ಲೇ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್), ವೈರಿಂಗ್ ಪಡೆಯದವರ ಖರ್ಚು ಏರುತ್ತದೆ. ಆದರೂ ರಸ್ತೆಯ ಕಾರಿಗಾದರೆ ನಾನು ಇಂಜೆಕ್ಷನ್ನನ್ನೇ ಆರಿಸುತ್ತೇನೆ.

ಕಾರ್ಬ್ಯುರೇಟರ್ ಎಂಜಿನ್ನಿನಲ್ಲೂ 2006ರವರೆಗಿನ ಇಂಜೆಕ್ಷನ್ ಎಂಜಿನ್ನಿನಲ್ಲೂ ಥ್ರಾಟಲ್ (ವೇಗ ಹೆಚ್ಚಿಸುವ ನಿಯಂತ್ರಣ) ಕೇಬಲ್ಲಿನದೇ. ಬೈಕಿನ ಹ್ಯಾಂಡಲ್ ಹಿಡಿಯನ್ನು ತಿರುಗಿಸುವುದಕ್ಕೆ ಅಳೆದು ಮಾಡಿದ ಚಿಕ್ಕ ಎಳೆತವನ್ನು ಪೆಡಲಿಗೆ ಹಾಗೆಯೇ ಕಟ್ಟಿದರೆ ಕಾರು ಎಗರುತ್ತದೆ. ಆದ್ದರಿಂದ ಕೇಬಲ್ಲನ್ನು ಪೆಡಲ್ ತಿರುಗುವ ಕೀಲಿನ ಹತ್ತಿರ ಕಟ್ಟಿ, ಕಾಲಿನ ಬಲವೆಲ್ಲ ಕೇಬಲ್ಲಿನ ಮೇಲೆ ಬೀಳದಂತೆ ಪೆಡಲಿನ ಹಿಂದೆ ಗಟ್ಟಿಯಾದ ತಡೆಯೊಂದನ್ನು ಕೂರಿಸಬೇಕು.