ಧ್ಯಾನಕ್ಕೆ ಕೂರಲು ದಿಂಬು, ಕುರ್ಚಿ, ಹಲಸಿನ ಮಣೆ: ನನ್ನ ಒಂದು ವರ್ಷ

ಮೊದಲೇ ಹೇಳಿಬಿಡುತ್ತೇನೆ. ನನಗೆ ಹೊಂದಿದ್ದು ನಮ್ಮೂರ ಆಚಾರಿ ಮಾಡಿಕೊಟ್ಟ ಹಲಸಿನ ಮಣೆ. ಊಟದ ಮಣೆಯಲ್ಲ. ವಜ್ರಾಸನದ ಹಾಗೆ ಮಂಡಿಯೂರಿ, ಮಡಚಿದ ಕಾಲುಗಳ ಮೇಲೆ ಅಡ್ಡಕ್ಕೆ ಇಟ್ಟುಕೊಂಡು ಕೂರುವ, 7 ಇಂಚು ಎತ್ತರದ ಮಣೆ. ಶಿರಸಿಯ ಮಳೆಗಾಲವನ್ನು ದಾಟಿದ್ದು ಅದೊಂದೇ.

ಶುರು ಮಾಡಿದ್ದು ದಿಂಬಿನಿಂದ. ಆನ್‌ಲೈನಿನಲ್ಲಿ 1,400 ರೂಪಾಯಿ ಕೊಟ್ಟು ತರಿಸಿದ, ಹತ್ತಿ ತುಂಬಿದ ದುಂಡು ದಿಂಬು. ಮಾರ್ಚ್‌ನಲ್ಲಿ ಬಂದಾಗ 5 ಇಂಚು ಎತ್ತರ ಇತ್ತು. ಸುಖಾಸನದಲ್ಲಿ ಕೂತರೆ ಮಂಡಿ ಎರಡೂ ನೆಲಕ್ಕೆ ತಾಗುತ್ತಿದ್ದವು, ಬೆನ್ನು ತಾನಾಗಿ ನೆಟ್ಟಗಿರುತ್ತಿತ್ತು. ಅರ್ಧ ಗಂಟೆ ಹೋಗಿದ್ದೇ ಗೊತ್ತಾಗುತ್ತಿರಲಿಲ್ಲ.

ಆರಿದ್ರಾ ಮಳೆ ಹಿಡಿದ ಮೇಲೆ ಎಲ್ಲ ಕೆಟ್ಟಿತು. ಹತ್ತಿ ತೇವ ಎಳೆದುಕೊಂಡು ಗಂಟುಗಂಟಾಯಿತು. ದಿನಾ ಮೇಲೆ ಕೂತು ಕೂತು ಎತ್ತರ 3 ಇಂಚಿಗೆ ಇಳಿಯಿತು. ಆಮೇಲೆ ಬೂಷ್ಟು, ಮುಗ್ಗಲು ವಾಸನೆ. ನಾನು ಉಸಿರನ್ನೇ ಗಮನಿಸುತ್ತಾ ಕೂರುವವನು. ಪ್ರತಿ ಉಸಿರಿಗೂ ಅದೇ ವಾಸನೆ ಬಂದರೆ ಹೇಗೆ ಕೂರುವುದು? ಬಿಸಿಲಿಗೆ ಹಾಕೋಣ ಅಂದರೆ ವಾರಗಟ್ಟಲೆ ಬಿಸಿಲೇ ಇಲ್ಲ. ಬಚ್ಚಲೊಲೆಯ ಹತ್ತಿರ ನೇತುಹಾಕಿದೆ. ವಾಸನೆ ಸ್ವಲ್ಪ ಹೋಯಿತು, ಎತ್ತರ ಮಾತ್ರ ವಾಪಸ್ ಬರಲಿಲ್ಲ.

ಆ ಎರಡು ಇಂಚೇ ಮುಖ್ಯ ಅಂತ ನನಗೆ ಆಗ ತಿಳಿಯಿತು. ಸೊಂಟ ಮಂಡಿಗಿಂತ ಮೇಲಿರಬೇಕು. ಕೆಳಗಿಳಿದರೆ ಸೊಂಟ ಹಿಂದಕ್ಕೆ ವಾಲುತ್ತದೆ, ಬೆನ್ನು ಗೂನಾಗುತ್ತದೆ, ಅದನ್ನು ನೆಟ್ಟಗೆ ಹಿಡಿಯುವುದರಲ್ಲೇ ಗಮನ ಹೋಗುತ್ತದೆ. ಮಂಡಿಗಳು ಗಾಳಿಯಲ್ಲಿ ನಿಂತು ಭಾರವೆಲ್ಲ ಕೆಳಗಿನ ಕಾಲಿನ ಮೇಲೆ ಬೀಳುತ್ತದೆ. ಮಂಡಿಯ ಹೊರಬದಿಯಲ್ಲಿ ಚರ್ಮದ ಕೆಳಗೇ ಹಾದುಹೋಗುವ ಒಂದು ನರ ಇದೆ. ಅದು ಅದುಮಿದರೆ ಪಾದ ಜೋಮು ಹಿಡಿಯುತ್ತದೆ. ನನಗೆ ಹತ್ತೇ ನಿಮಿಷಕ್ಕೆ ಹಿಡಿಯುತ್ತಿತ್ತು. ದಿಂಬಿನ ಕೆಳಗೆ ಕಂಬಳಿ ಮಡಚಿ ಹಾಕಿ ನೋಡಿದೆ, ಜಾರುತ್ತಿತ್ತು.

ಆಯಿ ದಿನಾ ಎರಡು ಇಂಚಿನ ಮಣೆ ಮೇಲೆ ಕೂತು ಜಪ ಮಾಡುತ್ತಾಳೆ, ಅವಳಿಗೆ ಏನೂ ಆಗುವುದಿಲ್ಲ. ಇಡೀ ಜೀವನ ನೆಲದ ಮೇಲೆ ಕೂತವಳು ಅಲ್ವಾ. ನಾನು ಇಪ್ಪತ್ತು ವರ್ಷ ಕುರ್ಚಿಯಲ್ಲಿ ಕೂತು ಲೆಕ್ಕ ಬರೆದವನು.

ಪದ್ಮಾಸನ ನನಗಲ್ಲ. ತೊಡೆಯ ಸಂದು ತಿರುಗದಿದ್ದರೆ ಆ ತಿರುಚು ಮಂಡಿಗೆ ಬೀಳುತ್ತದೆ, ಸುಮ್ನೆ ಹಟ ಮಾಡಬೇಡಿ.

ಕುರ್ಚಿ ಒಳ್ಳೆಯದೇ. ಮಂಡಿ ನೋವಿದ್ದವರು ಬೇರೇನೂ ಯೋಚಿಸದೆ ಅದನ್ನೇ ಹಿಡಿಯಿರಿ. ಪಾದ ನೆಲಕ್ಕೆ ಊರಿ, ಒರಗದೆ ಕೂರಬೇಕು. ಪ್ಲಾಸ್ಟಿಕ್ ಕುರ್ಚಿ ಮಾತ್ರ ಬೇಡ, ಅದು ಹಿಂದಕ್ಕೆ ಇಳಿಜಾರಾಗಿರುತ್ತದೆ. ನನಗೆ ಬೆಳಗಿನ ಐದು ಗಂಟೆಗೆ ಕುರ್ಚಿಯಲ್ಲಿ ನಿದ್ದೆ ಬರುತ್ತದೆ.

ಮಣೆಗೆ ಹಲಗೆ ಮನೆಯದೇ ಇತ್ತು, ಕೂಲಿ 350 ರೂಪಾಯಿ. ಮೊದಲು ಸಮತಟ್ಟಾಗಿ ಮಾಡಿದ್ದರು. ಮುಂದಿನ ಅಂಚನ್ನು ಅರ್ಧ ಇಂಚು ತಗ್ಗಿಸಿದ ಮೇಲೆ ಬೆನ್ನು ಸರಿಹೋಯಿತು. ಕಾಲ ಮೇಲೆ ಭಾರ ಬೀಳುವುದಿಲ್ಲವಾದ್ದರಿಂದ ಜೋಮಿಲ್ಲ. ಪಾದದ ಗಂಟು ನೆಲಕ್ಕೆ ಒತ್ತಿ ನೋಯುತ್ತದೆ, ಅದು ನಿಜ. ಕೆಳಗೆ ಕಂಬಳಿ ಹಾಸಿ, ಗಂಟಿನಡಿಗೆ ಟವೆಲ್ ಸುತ್ತಿಟ್ಟುಕೊಳ್ಳುತ್ತೇನೆ. ಮಳೆಗಾಲದಲ್ಲಿ ಮಣೆಗೂ ಬೂಷ್ಟು ಬಂತು, ಒಣ ಬಟ್ಟೆಯಲ್ಲಿ ಒರೆಸಿದರೆ ಹೋಯಿತು.

ಮಾಡಿಸುವ ಮೊದಲು ಮಂಡಿಯೂರಿ, ಎರಡು ಪಾದಗಳ ನಡುವೆ ಪುಸ್ತಕ ಪೇರಿಸಿ ಕೂತು ನೋಡಿ. ಬೆನ್ನು ಹಗುರಾಗುವ ಎತ್ತರ ಅಳೆದು ಆಚಾರಿಗೆ ಹೇಳಿ. ನನ್ನ ಹೆಂಡತಿಗೆ 6 ಇಂಚು ಬಂತು. ಅವಳ ಮಣೆ ಈ ವಾರ ಸಿಗಬೇಕು.